ಸರಸ್ವತಿ: ಒಂದು ಹೆಸರು, ಎರಡು ದಾರಿ

ನವರಾತ್ರಿಯ ಸರಸ್ವತಿ ಪೂಜೆಯಂದು ನಾವು ಪುಸ್ತಕಗಳನ್ನು ಪೂಜೆಗಿಡುತ್ತೇವೆ. ಆದರೆ ಈ ಹೆಸರಿನ ಮೂಲದಲ್ಲಿರುವುದು ನೀರು. ‘ಸರಸ್’ ಎಂದರೆ ಕೊಳ, ನೀರು. ‘ಸರಸ್ವತಿ’ ಎಂದರೆ ನೀರು ತುಂಬಿದವಳು. ಋಗ್ವೇದದಲ್ಲಿ ಆಕೆ ನದಿಯೂ ಹೌದು, ದೇವಿಯೂ ಹೌದು. ಮುಂದೆ ಬ್ರಾಹ್ಮಣ ಗ್ರಂಥಗಳು ಆಕೆಯನ್ನೇ ವಾಕ್ ಎಂದು ಕರೆದವು.

ಪಶ್ಚಿಮದಲ್ಲಿ ಈ ಹೆಸರಿನ ದನಿ ಕೇಳಿಸುತ್ತದೆ. ನಮ್ಮ ‘ಪಾಲು’ ‘ಹಾಲು’ ಆದಂತೆ, ಇರಾನಿನ ಭಾಷೆಗಳಲ್ಲಿ ‘ಸ’ಕಾರ ‘ಹ’ಕಾರವಾಯಿತು: ಸಿಂಧು ಹಿಂದು, ಸಪ್ತ ಹಪ್ತ. ಅವೆಸ್ತಾದ ‘ಹರಹ್ವೈತಿ’, ಡೇರಿಯಸ್‌ನ ಬೆಹಿಸ್ತೂನ್ ಶಾಸನದ ‘ಹರಉವತಿ’, ಗ್ರೀಕರ ‘ಅರಖೋಸಿಯಾ’ ಮೂರೂ ಒಂದೇ ನಾಡು. ಇಂದಿನ ಅಫ್ಘಾನಿಸ್ತಾನದ ಕಂದಹಾರದ ಸೀಮೆ.

ಪೂರ್ವಕ್ಕೆ ಹೋದದ್ದು ಅರ್ಥ. ಬೌದ್ಧರ ಸುವರ್ಣಪ್ರಭಾಸ ಸೂತ್ರದೊಡನೆ ಚೀನಾ ಸೇರಿದ ದೇವಿಗೆ ‘ಮಾತಿನ ಪ್ರತಿಭೆಯ ದೇವತೆ’ ಎಂಬರ್ಥದ ಹೆಸರಾಯಿತು. ಜಪಾನಿನಲ್ಲಿ ಅದೇ ‘ಬೆನ್‌ಜೈತೆನ್’. ಕೈಯಲ್ಲಿ ‘ಬೀವಾ’ ಎಂಬ ತಂತಿವಾದ್ಯ. ಎನೊಶಿಮಾ ದ್ವೀಪದಲ್ಲಿರುವಂತೆ, ಆಕೆಯ ಗುಡಿಗಳು ಹೆಚ್ಚಾಗಿ ನೀರಿನ ಬಳಿಯೇ ಇವೆ. ಹೆಸರು ಬಿಟ್ಟುಬಂದ ನೀರನ್ನು ಗುಡಿ ಉಳಿಸಿಕೊಂಡಿತು.

ಇಲ್ಲಿ ಹುಟ್ಟಿದ ಮಕ್ಕಳ ಬಾಯಲ್ಲಿ ನಮ್ಮ ಹೆಸರುಗಳ ಉಚ್ಚಾರ ಬದಲಾದರೆ ನಾವು ನೊಂದುಕೊಳ್ಳುತ್ತೇವೆ. ಉಚ್ಚಾರ ತಿದ್ದೋಣ. ಜೊತೆಗೆ ಅರ್ಥವನ್ನೂ ಹೇಳಿಕೊಡೋಣ. ಹರಉವತಿಯಲ್ಲಿ ದನಿ ಒಂದು ನಾಡಿನ ಹೆಸರಾಗಿ ನಿಂತಿತು. ಅರ್ಥ ತಲುಪಿದ ಜಪಾನಿನಲ್ಲಿ ಪೂಜೆ ಇಂದಿಗೂ ನಡೆದಿದೆ.