ಮೊಂಟಾನಾದಲ್ಲಿ ಐರ್ಲೆಂಡ್ ಎಲ್ಲಿದೆ?

ನಕ್ಷೆ ನೋಡುವುದು ನನಗೆ ಒಂಥರಾ ಹುಚ್ಚು. ಅದರಲ್ಲೂ ಅಮೆರಿಕದ ಜನಗಣತಿಯ ಅಂಕಿಗಳಿಂದ ಮಾಡಿದ ನಕ್ಷೆ ಸಿಕ್ಕಿಬಿಟ್ಟರೆ ಊಟ ತಣ್ಣಗಾದರೂ ಏಳೋದಿಲ್ಲ. 1980ರಿಂದ ಅಲ್ಲಿನ ಗಣತಿಯವರು ಒಂದು ಪ್ರಶ್ನೆ ಕೇಳತೊಡಗಿದರು: ನಿಮ್ಮ ಪೂರ್ವಜರು ಯಾವ ದೇಶದವರು? 2000ದ ನಂತರ ಇದು ಪ್ರತಿವರ್ಷದ ಸಮೀಕ್ಷೆಗೆ ವರ್ಗವಾಯಿತು. ಉತ್ತರಕ್ಕೆ ದಾಖಲೆ ಏನೂ ಬೇಡ, ಜನ ಏನು ಹೇಳಿದರೋ ಅದೇ ಲೆಕ್ಕ. ಹಾಗೆ "ನಮ್ಮ ಮೂಲ ಐರ್ಲೆಂಡ್" ಅನ್ನುವವರು 3 ಕೋಟಿಗೂ ಹೆಚ್ಚು. ಇಡೀ ಐರ್ಲೆಂಡ್ ದ್ವೀಪದಲ್ಲಿ ಇರುವವರೇ ಸುಮಾರು 70 ಲಕ್ಷ!

ಬಾಸ್ಟನ್, ನ್ಯೂಯಾರ್ಕ್‌ಗಳಲ್ಲಿ ಐರಿಷರು ತುಂಬಿದ್ದಾರೆ ಅಂದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ಹಡಗು ಇಳಿದಲ್ಲೇ ಉಳಿದರು, ಅಷ್ಟೆ. ನನಗೆ ಕುತೂಹಲ ಹುಟ್ಟಿಸಿದ್ದು ಮೊಂಟಾನಾ. ಕೆನಡಾ ಗಡಿಗೆ ಅಂಟಿಕೊಂಡ ರಾಜ್ಯ. ವಿಸ್ತೀರ್ಣ ನಮ್ಮ ಕರ್ನಾಟಕದ ಸುಮಾರು ಎರಡರಷ್ಟು, ಜನ ಮಾತ್ರ 2020ರ ಗಣತಿಯಲ್ಲಿ 11 ಲಕ್ಷಕ್ಕೂ ಕಡಿಮೆ. ಒಟ್ಟು 56 ಕೌಂಟಿಗಳು. (ಕೌಂಟಿ ಅಂದರೆ ನಮ್ಮ ಜಿಲ್ಲೆ ಅಂದುಕೊಳ್ಳಿ.) ಒಟ್ಟಾರೆ ರಾಜ್ಯದಲ್ಲಿ ಮೊದಲ ಸ್ಥಾನ ಜರ್ಮನ್ ಮೂಲದವರದು. ಪೂರ್ವದ ಗೋಧಿ ಹೊಲಗಳ ಕಡೆ ಜರ್ಮನರು, ನಾರ್ವೆಯವರು. ಆದರೆ ನೈಋತ್ಯದಲ್ಲಿ, ಬೆಟ್ಟಗಳ ನಡುವೆ, ಎರಡು ಪುಟ್ಟ ಕೌಂಟಿಗಳು ಬೇರೆಯೇ ಬಣ್ಣದಲ್ಲಿ ಕಾಣುತ್ತವೆ: ಸಿಲ್ವರ್ ಬೋ ಮತ್ತು ಡೀರ್ ಲಾಡ್ಜ್. 2000ದ ಗಣತಿಯಲ್ಲಿ ಈ ಎರಡರಲ್ಲೂ ಐರಿಷ್ ಮೂಲದವರೇ ಮೊದಲು. ಸಿಲ್ವರ್ ಬೋದಲ್ಲಂತೂ ಹೆಚ್ಚುಕಡಿಮೆ ಕಾಲುಭಾಗ ಜನ. ವಿಸ್ತೀರ್ಣದಲ್ಲಿ ಇಡೀ ರಾಜ್ಯಕ್ಕೇ ಚಿಕ್ಕ ಕೌಂಟಿ ಇದು!

ಸಮುದ್ರದಿಂದ ಇಷ್ಟು ದೂರ, ಇಷ್ಟು ಚಳಿಯ ಜಾಗಕ್ಕೆ ಇವರು ಬಂದದ್ದಾದರೂ ಯಾಕೆ?

ಒಂದೇ ಪದದ ಉತ್ತರ: ತಾಮ್ರ.

ಸಿಲ್ವರ್ ಬೋ ಕೌಂಟಿಯ ಊರು ಬ್ಯೂಟ್. 1876ರಲ್ಲಿ ಅಲ್ಲಿಗೆ ಮಾರ್ಕಸ್ ಡೇಲಿ ಅನ್ನುವವನೊಬ್ಬ ಬಂದ. 1841ರಲ್ಲಿ ಐರ್ಲೆಂಡಿನ ಕ್ಯಾವನ್ ಕೌಂಟಿಯಲ್ಲಿ ಹುಟ್ಟಿದವನು, ಹದಿಹರೆಯದಲ್ಲೇ ಒಬ್ಬಂಟಿಯಾಗಿ ಅಮೆರಿಕಕ್ಕೆ ಬಂದು ಬೆಳ್ಳಿ ಗಣಿಗಳಲ್ಲಿ ಕೆಲಸ ಕಲಿತವನು. 1880ರ ದಶಕದ ಆರಂಭದಲ್ಲಿ ಅನಕೊಂಡಾ ಎಂಬ ಗಣಿ ಅವನ ಕೈಗೆ ಬಂತು. ಬೆಳ್ಳಿಗೆಂದು ಅಗೆದರೆ ಸಿಕ್ಕಿದ್ದು ತಾಮ್ರದ ದೊಡ್ಡ ಪದರ. ಅದೇ ಹೊತ್ತಿಗೆ ಎಡಿಸನ್ ದೀಪ, ಟೆಲಿಫೋನು, ವಿದ್ಯುತ್ ತಂತಿ... ಜಗತ್ತಿಗೆಲ್ಲ ತಾಮ್ರ ಬೇಕಾಗಿತ್ತು. ಅದಿರು ಕರಗಿಸಲು ಡೇಲಿ ಪಕ್ಕದ ಡೀರ್ ಲಾಡ್ಜ್ ಕೌಂಟಿಯಲ್ಲಿ ಅನಕೊಂಡಾ ಅನ್ನುವ ಊರನ್ನೇ ಕಟ್ಟಿದ. ಈಗ ಗೊತ್ತಾಯಿತಲ್ಲ, ನಕ್ಷೆಯಲ್ಲಿ ಎರಡು ಕೌಂಟಿಗಳು ಜೋಡಿಯಾಗಿ ಹೊಳೆಯುವುದು ಯಾಕೆ ಅಂತ? ಒಂದು ಗಣಿ, ಇನ್ನೊಂದು ಕುಲುಮೆ.

ಕಥೆಯ ಇನ್ನೊಂದು ತುದಿ ಐರ್ಲೆಂಡಿನಲ್ಲಿದೆ. ಕಾರ್ಕ್ ಕೌಂಟಿಯ ಬಿಯರಾ ಪರ್ಯಾಯದ್ವೀಪದಲ್ಲಿ ಅಲಿಹೀಸ್ ಅಂತ ಒಂದು ಹಳ್ಳಿ. 1812ರಿಂದ ಅಲ್ಲಿ ತಾಮ್ರದ ಗಣಿ ನಡೆಯುತ್ತಿತ್ತು. 1840ರ ದಶಕದ ಆಲೂಗಡ್ಡೆ ಬರಗಾಲದಲ್ಲಿ ದೇಶದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅದಕ್ಕೂ ಹೆಚ್ಚು ಜನ ದೇಶ ಬಿಟ್ಟರು. 1880ರ ದಶಕದಲ್ಲಿ ಅಲಿಹೀಸ್ ಗಣಿಯೂ ಸೊರಗಿತು. ಸರಿಯಾಗಿ ಅದೇ ವೇಳೆಗೆ ಬ್ಯೂಟ್ ಅರಳಿತು. ತಾಮ್ರ ಅಗೆಯುವುದೊಂದು ಗೊತ್ತಿದ್ದ ಜನ ತಾಮ್ರ ಇರುವಲ್ಲಿಗೆ ಹೊರಟರು. ಮೊದಲು ಹೋದವನು ಕಾಗದ ಬರೆದ, ಜೊತೆಗೆ ಟಿಕೆಟ್ಟಿಗೆ ದುಡ್ಡು ಕಳಿಸಿದ. ತಮ್ಮ ಬಂದ, ಅವನ ಹಿಂದೆ ಭಾವಮೈದುನ, ಆಮೇಲೆ ಪಕ್ಕದ ಮನೆಯವನು. ಡೇಲಿಯ ಗಣಿಗಳಲ್ಲಿ ಐರಿಷರಿಗೆ ಕೆಲಸ ಸಿಗುವುದೂ ಸುಲಭವಾಗಿತ್ತು. ಅಮೆರಿಕದಲ್ಲಿ ನಿಲ್ಲಬೇಡ, ನೆಟ್ಟಗೆ ಬ್ಯೂಟ್‌ಗೆ ಹೋಗು ಅಂತ ಒಂದು ತಮಾಷೆ ಮಾತೇ ಚಾಲ್ತಿಗೆ ಬಂತಂತೆ. ಬಿಯರಾದಲ್ಲಿ ಮನೆಮನೆಗೂ ಇರುವ ಸಲ್ಲಿವನ್, ಹ್ಯಾರಿಂಗ್ಟನ್, ಶೇ ಎಂಬ ಮನೆತನಗಳೇ ಬ್ಯೂಟ್‌ನಲ್ಲೂ ತುಂಬಿಹೋದವು. ಡಬ್ಲಿನ್ ಗಲ್ಚ್, ಕಾರ್ಕ್‌ಟೌನ್ ಅಂತ ಕೇರಿಗಳಾದವು. 1900ರ ಹೊತ್ತಿಗೆ ಜನಸಂಖ್ಯೆಯ ಪ್ರಮಾಣದಲ್ಲಿ ನೋಡಿದರೆ ಅಮೆರಿಕದ ಅತ್ಯಂತ ಐರಿಷ್ ಊರು ಬಾಸ್ಟನ್ ಅಲ್ಲ, ಬ್ಯೂಟ್. 1919ರಲ್ಲಿ ಐರಿಷ್ ಗಣರಾಜ್ಯಕ್ಕೆ ಬೆಂಬಲ ಕೇಳುತ್ತಾ ಅಮೆರಿಕ ಸುತ್ತಿದ ಡಿ ವಲೇರಾ ಈ ಬೆಟ್ಟದೂರಿಗೂ ಬಂದುಹೋದ.

ಇಲ್ಲೊಂದು ಸ್ವಾರಸ್ಯ. ಮೊಂಟಾನಾದಲ್ಲಿ ಐರಿಷನ ಹೆಸರು ಹೊತ್ತ ಕೌಂಟಿಯೇ ಒಂದಿದೆ, ಮಾರ್ ಕೌಂಟಿ. ಐರಿಷ್ ಬಂಡಾಯಗಾರ ಥಾಮಸ್ ಫ್ರಾನ್ಸಿಸ್ ಮಾರ್ ಮೊಂಟಾನಾ ಪ್ರಾಂತ್ಯದ ಹಂಗಾಮಿ ಗವರ್ನರ್ ಆಗಿದ್ದು, 1867ರಲ್ಲಿ ಮಿಸ್ಸೌರಿ ನದಿಗೆ ಬಿದ್ದು ಕಣ್ಮರೆಯಾದ. ಆ ಕೌಂಟಿಯಲ್ಲಿ 2020ರ ಗಣತಿಯಲ್ಲಿ 2 ಸಾವಿರ ಜನರೂ ಇರಲಿಲ್ಲ. ನಾಯಕನ ಹೆಸರು ಒಂದು ಕಡೆ, ಜನ ಇನ್ನೊಂದು ಕಡೆ. ಜನ ನಾಯಕನ ಹಿಂದೆ ಹೋಗಲಿಲ್ಲ, ಅಣ್ಣನ ಕಾಗದದ ಹಿಂದೆ ಹೋದರು!

ಆದರೆ ಹೋಗಿ ಸುಖಪಟ್ಟರೇ? ಕೂಲಿಯೇನೋ ಚೆನ್ನಾಗಿತ್ತು. ಜೊತೆಗೆ ಕಲ್ಲಿನ ದೂಳು. 1916ರಿಂದ 1919ರ ನಡುವೆ ಸರ್ಕಾರದ ವೈದ್ಯರು ಬ್ಯೂಟ್‌ನ ಸಾವಿರ ಚಿಲ್ಲರೆ ಗಣಿಗಾರರನ್ನು ಪರೀಕ್ಷಿಸಿದಾಗ ನೂರಕ್ಕೆ 40ಕ್ಕೂ ಹೆಚ್ಚು ಮಂದಿಯ ಶ್ವಾಸಕೋಶಕ್ಕೆ ಆ ದೂಳಿನ ರೋಗ ಹಿಡಿದಿತ್ತು. 1917ರ ಜೂನ್ 8ರ ರಾತ್ರಿ ಗ್ರಾನೈಟ್ ಮೌಂಟನ್ ಗಣಿಯೊಳಗೆ ಇಳಿಸುತ್ತಿದ್ದ ವಿದ್ಯುತ್ ಕೇಬಲ್ಲಿನ ಹೊದಿಕೆಗೆ ಕೈದೀಪದ ಬೆಂಕಿ ತಗುಲಿತು. ಸತ್ತವರು 168 ಜನ. ಆ ಕೇಬಲ್ ಬೆಂಕಿ ಆರಿಸುವ ನೀರಿನ ವ್ಯವಸ್ಥೆಗೆಂದೇ ಇಳಿಸುತ್ತಿದ್ದದ್ದು. ಏನನ್ನೋಣ ಇದಕ್ಕೆ? ಸತ್ತವರಲ್ಲಿ ಐರಿಷರಷ್ಟೇ ಅಲ್ಲ, ಹತ್ತಾರು ದೇಶದವರಿದ್ದರು.

ಗಣತಿಯ ನಕ್ಷೆಯಲ್ಲಿ ಇವರಾರೂ ಇಲ್ಲ ನೋಡಿ. ಮದುವೆಗೆ ಮುಂಚೆಯೇ ಸತ್ತವನ ವಂಶ ಯಾವ ಬಣ್ಣದಲ್ಲೂ ಮೂಡುವುದಿಲ್ಲ. ವಾಪಸ್ ಹೋದವರೂ ಇಲ್ಲ. ಡೊನೆಗಾಲ್‌ನ ಮಿಕಿ ಮೆಕ್‌ಗೋವನ್ ಮೊಂಟಾನಾದ ಗಣಿಗಳಲ್ಲಿ ದುಡಿದು, ಅಲ್ಲಿಂದ ಕ್ಲಾಂಡೈಕ್‌ಗೆ ಚಿನ್ನ ಹುಡುಕಲು ಹೋಗಿ, ಕೊನೆಗೆ ತನ್ನೂರಿಗೇ ಮರಳಿದ. ಮುಪ್ಪಿನಲ್ಲಿ ತನ್ನ ಕಥೆಯನ್ನು ಐರಿಷ್ ಭಾಷೆಯಲ್ಲೇ ಅಳಿಯನಿಗೆ ಹೇಳಿ ಬರೆಸಿದ, ಅವನು ಸತ್ತ ಮೇಲೆ 1959ರಲ್ಲಿ ಪುಸ್ತಕವಾಯಿತು. ಹಾಗೆ ಹೇಳದೇ ಹೋದವರು ಎಷ್ಟು ಮಂದಿಯೋ.

1955ರಲ್ಲಿ ಬ್ಯೂಟ್‌ನಲ್ಲಿ ತೆರೆದ ಗಣಿ ಶುರುವಾಯಿತು. ಬರ್ಕ್ಲಿ ಪಿಟ್ ಎಂಬ ಆ ಹೊಂಡ ಮೀಡರ್‌ವಿಲ್‌ನಂಥ ಕೇರಿಗಳನ್ನೇ ನುಂಗಿ 1982ರಲ್ಲಿ ನಿಂತಿತು. ಈಗ ಅದರ ತುಂಬ ಆಮ್ಲದ ನೀರು. ಅನಕೊಂಡಾದ ಕುಲುಮೆ 1980ರಲ್ಲೇ ಮುಚ್ಚಿತ್ತು. 1920ರಲ್ಲಿ ಸಿಲ್ವರ್ ಬೋ ಕೌಂಟಿಯಲ್ಲಿ ಸುಮಾರು 60 ಸಾವಿರ ಜನರಿದ್ದರು, 2020ರಲ್ಲಿ 35 ಸಾವಿರ. ಜನ ಬಂದ ಕಾರಣ ಬಹುಪಾಲು ಹೋಯಿತು, ಆದರೂ ಬಣ್ಣ ಉಳಿದಿದೆ.

ಇದನ್ನು ಓದುವಾಗೆಲ್ಲ ನನಗೆ ಕೋಲಾರದ ಕೆಜಿಎಫ್ ನೆನಪಾಗುತ್ತಿತ್ತು. ಸುಮ್ಮನೆ ಅಲ್ಲ, ನಂಟಿದೆ. ಅಲ್ಲಿ ಚಿನ್ನ ತೆಗೆಯಲು 1875ರಲ್ಲಿ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ ಮೈಕೆಲ್ ಲವೆಲ್ ಐರಿಷ್ ಸೈನಿಕ. ಬೆಂಗಳೂರಿನ ಲವೆಲ್ ರಸ್ತೆ ಅವನದೇ ಹೆಸರು. ಬ್ಯೂಟ್‌ನಲ್ಲಿ ಐರಿಷರ ಜೊತೆ ಜಗಳವಾಡಿಕೊಂಡು ಗಣಿಗಿಳಿದ ಕಾರ್ನ್‌ವಾಲ್‌ನವರೇ ಕೆಜಿಎಫ್‌ಗೂ ಬಂದಿದ್ದರು. ಆದರೆ ಆಳಕ್ಕಿಳಿದು ಅಗೆದವರು ಹೆಚ್ಚಾಗಿ ತಮಿಳು, ತೆಲುಗು ಸೀಮೆಯ ಬಡವರು. 2001ರ ಫೆಬ್ರವರಿ 28ರಂದು ಆ ಗಣಿ ಮುಚ್ಚಿತು. ನಮ್ಮ ಜನಗಣತಿ ಹುಟ್ಟಿದೂರು ಕೇಳುತ್ತದೆ, ಮಾತೃಭಾಷೆ ಕೇಳುತ್ತದೆ. ಅಜ್ಜ ಎಲ್ಲಿಂದ ಬಂದ ಅಂತ ಕೇಳುವುದಿಲ್ಲ. ಮೂರನೇ ತಲೆಮಾರಿನವನು ಹುಟ್ಟಿದ್ದು ಕೆಜಿಎಫ್‌ನಲ್ಲೇ ತಾನೇ? ಮನೆಮಾತು ಉಳಿದಿರುವವರೆಗೆ ಅಜ್ಜನ ದಾರಿಯ ಜಾಡು ಸಿಕ್ಕೀತು, ಆಮೇಲೆ ಅದೂ ಇಲ್ಲ.

ಅಜ್ಜನ ಊರು ಕೇಳುವುದು ನಮ್ಮಲ್ಲಿ ಜಾತಿ ಕೇಳುವಷ್ಟೇ ಅಪಾಯದ ಕೆಲಸ ಅನ್ನುವವರಿದ್ದಾರೆ. ಇರಬಹುದು. ಗಣತಿಯವರು ಕೇಳದಿದ್ದರೂ ಬೇಡ, ನಾವಾದರೂ ಕೇಳಿ ಬರೆದಿಡಬಹುದಲ್ಲ? ನಿಮ್ಮ ಮನೆಯಲ್ಲಿ ಗಣಿಗೋ, ಗಿರಣಿಗೋ, ತೋಟಕ್ಕೋ ಅಂತ ಊರು ಬಿಟ್ಟವರು ಯಾರು, ಅವರನ್ನು ಮೊದಲು ಕರೆಸಿಕೊಂಡವರು ಯಾರು? ಹಿರಿಯರು ಇರುವಾಗಲೇ ಕೇಳಿ ನಿಮ್ಮ ಬ್ಲಾಗಿನಲ್ಲಿ ಹಾಕಿ. ಓದಲು ನಾನಂತೂ ಬರುತ್ತೇನೆ.