ಮಾವನ ರಕ್ತದಲ್ಲಿ ಫಿಲಡೆಲ್ಫಿಯಾ

1994ರ ಮಳೆಗಾಲದಲ್ಲಿ ಅಮ್ಮ ತೀರ್ಥಹಳ್ಳಿಯಿಂದ ಬರೆದ ಕಾಗದದೊಳಗೆ ಬೆಂಗಳೂರಿನ ಆಸ್ಪತ್ರೆಯೊಂದರ ವರದಿಯ ಜೆರಾಕ್ಸ್ ಇತ್ತು. ನನ್ನ ಸೋದರಮಾವನಿಗೆ ರಕ್ತದ ಕ್ಯಾನ್ಸರ್. ಮೊದಮೊದಲು ನಿಧಾನವಾಗಿ ಬೆಳೆಯುವ ಬಗೆ, ಸಿ.ಎಂ.ಎಲ್. ಎಂದು ಹೆಸರು. ವರದಿಯ ಕೊನೆಗೆ ‘ಫಿಲಡೆಲ್ಫಿಯಾ ಪಾಸಿಟಿವ್’ ಎಂದಿತ್ತು. ಅಮ್ಮ ಅದರ ಕೆಳಗೆ ಗೆರೆ ಎಳೆದು ಕೇಳಿದ್ದಳು: “ನೀನಿರುವ ಊರಿನ ಹೆಸರು ಇವನ ರಕ್ತದಲ್ಲಿ ಹೇಗೆ ಬಂತು? ಅಲ್ಲಿ ಯಾರನ್ನಾದರೂ ವಿಚಾರಿಸು.”

ನಾನು ಲೆಕ್ಕಪತ್ರ ನೋಡುವವನು, ವಿಜ್ಞಾನಿಯಲ್ಲ. ಆದರೂ ವಿಚಾರಿಸಿದೆ. ವರ್ಷಗಟ್ಟಲೆ ವಿಚಾರಿಸುತ್ತಲೇ ಇದ್ದೆ.

1960ರಲ್ಲಿ ಇಲ್ಲಿನ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪೀಟರ್ ನೋವೆಲ್ ಮತ್ತು ಇದೇ ಊರಿನ ಕ್ಯಾನ್ಸರ್ ಸಂಸ್ಥೆಯೊಂದರ ಡೇವಿಡ್ ಹಂಗರ್‌ಫೋರ್ಡ್, ಸಿ.ಎಂ.ಎಲ್. ರೋಗಿಗಳ ಜೀವಕೋಶಗಳಲ್ಲಿ ಒಂದು ವರ್ಣತಂತು ವಿಚಿತ್ರವಾಗಿ ಗಿಡ್ಡವಾಗಿರುವುದನ್ನು ಕಂಡರು. ಅದಕ್ಕೆ ಊರಿನ ಹೆಸರೇ ನಿಂತಿತು. ಗಿಡ್ಡವಾದದ್ದು ಏಕೆಂದು ಹೇಳಿದವರು ಶಿಕಾಗೋದ ಜಾನೆಟ್ ರೌಲಿ, 1973ರಲ್ಲಿ. 9ನೆಯ ಮತ್ತು 22ನೆಯ ವರ್ಣತಂತುಗಳು ತುದಿಯ ಚೂರುಗಳನ್ನು ಅದಲುಬದಲು ಮಾಡಿಕೊಂಡಿದ್ದವು.

ಚೂರು ಬದಲಾದರೆ ಕ್ಯಾನ್ಸರ್ ಏಕೆ ಬರಬೇಕು? ಇದರ ಉತ್ತರಕ್ಕೆ ಇನ್ನೂ ಹಿಂದೆ, ಒಂದು ಕೋಳಿಯವರೆಗೆ ಹೋಗಬೇಕು. 1909ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ಪೇಟನ್ ರೌಸ್ ಬಳಿಗೆ ಗಡ್ಡೆಯಿದ್ದ ಕೋಳಿಯೊಂದು ಬಂತು. ಆ ಗಡ್ಡೆಯನ್ನು ಅರೆದು, ಕೋಶಗಳೆಲ್ಲ ಹೋಗುವಂತೆ ಸೋಸಿ, ಉಳಿದ ರಸವನ್ನು ಬೇರೆ ಕೋಳಿಗೆ ಚುಚ್ಚಿದರೂ ಗಡ್ಡೆ ಬೆಳೆಯಿತು. ರಸದಲ್ಲಿದ್ದದ್ದು ವೈರಸ್. 1911ರಲ್ಲಿ ಪ್ರಕಟವಾದ ಈ ಕೆಲಸವನ್ನು ಬಹುಮಂದಿ ಗಣನೆಗೆ ತಂದುಕೊಳ್ಳಲಿಲ್ಲ. ನೊಬೆಲ್ ಬಂದಾಗ 1966. ರೌಸ್‌ಗೆ 87 ವರ್ಷ.

1976ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೈಕೆಲ್ ಬಿಷಪ್ ಮತ್ತು ಹೆರಾಲ್ಡ್ ವಾರ್ಮಸ್ ತಂಡ ಇನ್ನೂ ಅಚ್ಚರಿಯ ಸಂಗತಿ ಹೇಳಿತು. ಗಡ್ಡೆ ತರಿಸುವ ‘ಸಾರ್ಕ್’ ಜೀನ್ ಮೂಲತಃ ವೈರಸ್ಸಿನದಲ್ಲ, ಆರೋಗ್ಯವಂತ ಕೋಳಿಯದೇ. ವೈರಸ್ ಅದನ್ನು ಎತ್ತಿಕೊಂಡು ಹೋಗಿತ್ತು, ಅಷ್ಟೇ. ಶತ್ರು ಹೊರಗಿನವನಲ್ಲ, ಮನೆಯವನೇ.

ಆ ಜೀನ್ ತಯಾರಿಸುವ ಪ್ರೋಟೀನು ಸಂದೇಶ ಸಾಗಿಸುವಂಥದು. ‘ಬೆಳೆ, ಎರಡಾಗು’ ಎಂಬ ಅಪ್ಪಣೆ ಜೀವಕೋಶದ ಹೊರಗಿನಿಂದ ಬಂದಾಗ ಇಂಥ ಪ್ರೋಟೀನುಗಳು ಒಂದಕ್ಕೊಂದು ಫಾಸ್ಫೇಟ್ ಅಂಟಿಸುತ್ತ ಅದನ್ನು ಒಳಗೆ ಮುಟ್ಟಿಸುತ್ತವೆ. ಅಂಟಿಸುವ ಪ್ರೋಟೀನಿಗೆ ಕೈನೇಸ್ ಎಂದು ಹೆಸರು. ಸಾರ್ಕ್ ಫಾಸ್ಫೇಟ್ ಅಂಟಿಸುವುದು ಟೈರೋಸಿನ್ ಎಂಬ ಜಾಗಕ್ಕೆ. ಅಂಥ ಅಂಟುವಿಕೆ ಮೊದಲು ಕಣ್ಣಿಗೆ ಬಿದ್ದದ್ದು 1979ರಲ್ಲಿ, ಕ್ಯಾಲಿಫೋರ್ನಿಯಾದ ಟೋನಿ ಹಂಟರ್‌ಗೆ. ಹೊಸ ದ್ರಾವಣ ಮಾಡಿಕೊಳ್ಳುವ ಸೋಮಾರಿತನಕ್ಕೆ ಅವರು ಹಳೆಯದನ್ನೇ ಬಳಸಿದ್ದರು. ಅದರ ಆಮ್ಲೀಯತೆ ಬದಲಾಗಿದ್ದರಿಂದಲೇ ಅದುವರೆಗೆ ಕಾಣದ್ದು ಕಂಡಿತು.

1980ರ ದಶಕದಲ್ಲಿ ಎರಡೂ ಕಥೆಗಳು ಕೂಡಿದವು. 9 ಮತ್ತು 22ರ ಚೂರುಗಳು ಸೇರಿದ ಕಡೆ ಎರಡು ಜೀನ್‌ಗಳು ಬೆಸೆದು, ಬಿಸಿಆರ್-ಎಬಿಎಲ್ ಎಂಬ ಪ್ರೋಟೀನು ಹುಟ್ಟುತ್ತಿತ್ತು. ಇದೂ ಅದೇ ಬಳಗದ ಕೈನೇಸ್. ಆದರೆ ಒತ್ತಿದ ಕರೆಗಂಟೆಯ ಗುಂಡಿ ಒಳಗೇ ಸಿಕ್ಕಿಕೊಂಡಂತೆ, ಬಾಗಿಲಲ್ಲಿ ಯಾರೂ ಇಲ್ಲದಿದ್ದರೂ ಗಂಟೆ ಬಾರಿಸುತ್ತಲೇ ಇರುತ್ತದೆ. ಬಿಳಿ ರಕ್ತಕಣಗಳು ಹೆಚ್ಚುತ್ತಲೇ ಹೋಗುತ್ತವೆ.

ಮಾವನಿಗೆ ಆಗ ಇದ್ದ ಮಾತ್ರೆ ಕಣಗಳ ಎಣಿಕೆ ಇಳಿಸುತ್ತಿತ್ತು, ಗಂಟೆ ನಿಲ್ಲಿಸುತ್ತಿರಲಿಲ್ಲ. ಉಳಿದ ದಾರಿ ಅಸ್ಥಿಮಜ್ಜೆಯ ಕಸಿ. ಇದ್ದ ಒಬ್ಬಳೇ ಅಕ್ಕ ಅಮ್ಮ. ಅವಳ ಮಜ್ಜೆ ಹೊಂದಲಿಲ್ಲ. ಅದು ತನ್ನದೇ ತಪ್ಪೆಂದು ಅವಳು ಕೊರಗಿದಳು. 1997ರಲ್ಲಿ ಮಾವ ತೀರಿಕೊಂಡರು.

ಮರುವರ್ಷವೇ ಆರೆಗಾನಿನ ವೈದ್ಯ ಬ್ರಯನ್ ಡ್ರೂಕರ್ ಆ ಗಂಟೆಯನ್ನೇ ನಿಲ್ಲಿಸುವ ಮಾತ್ರೆಯನ್ನು ರೋಗಿಗಳಿಗೆ ಕೊಟ್ಟು ನೋಡತೊಡಗಿದರು. ಕೈನೇಸ್ ತನ್ನ ಫಾಸ್ಫೇಟ್ ಪಡೆಯುವ ಕುಳಿಯಲ್ಲೇ ಕೂತುಬಿಡುವ ಔಷಧ, ಇಮ್ಯಾಟಿನಿಬ್. ಸಾಕಷ್ಟು ಪ್ರಮಾಣದಲ್ಲಿ ತೆಗೆದುಕೊಂಡ 54 ಜನರಲ್ಲಿ 53 ಜನರ ರಕ್ತದ ಎಣಿಕೆ ಸರಿಯಾಯಿತು. 2001ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಕೋಳಿಯ ಪ್ರಬಂಧ ಅಚ್ಚಾಗಿ ಆಗ 90 ವರ್ಷ.

ಮಾತ್ರೆ ಹುಟ್ಟಿದರೆ ಸಾಲದು, ಕೈಗೆಟುಕಬೇಕು. 2013ರ ಹೊತ್ತಿಗೆ ಕಂಪನಿಯ ಮಾತ್ರೆಗೆ ಭಾರತದಲ್ಲಿ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಇತ್ತು. ದೇಶದಲ್ಲೇ ತಯಾರಾದದ್ದಕ್ಕೆ ಅದರ ಹತ್ತನೇ ಒಂದು ಭಾಗವೂ ಇರಲಿಲ್ಲ. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಕಂಪನಿಗೆ ಪೇಟೆಂಟ್ ನಿರಾಕರಿಸಿತು. ಅಗ್ಗದ ಮಾತ್ರೆ ಉಳಿಯಿತು.

ಆ ವರ್ಷ ಊರಿಗೆ ಹೋದಾಗ ಅಮ್ಮನ ಹಳೆಯ ಪ್ರಶ್ನೆಗೆ ಪೂರ್ತಿ ಉತ್ತರ ಹೇಳಿದೆ. ಒಡಹುಟ್ಟಿದವರ ಮಜ್ಜೆ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದೇ, ಅದರಲ್ಲಿ ನಿನ್ನ ತಪ್ಪೇನೂ ಇಲ್ಲ ಎಂದೂ ಹೇಳಿದೆ. “ಹಾಗಾದರೆ ಅವನು ಇನ್ನು ನಾಲ್ಕು ವರ್ಷ ತಡೆದಿದ್ದರೆ...” ಎಂದಳು. ಮುಂದೆ ಮಾತಾಡಲಿಲ್ಲ.

ನಮ್ಮ ಬೀದಿಯ ಮೇಷ್ಟ್ರು ಒಂಬತ್ತು ವರ್ಷದಿಂದ ಅದೇ ಕಾಯಿಲೆಗೆ, ಅದೇ ಮಾತ್ರೆಯನ್ನು ರಾತ್ರಿ ಊಟದ ಜೊತೆ ತೆಗೆದುಕೊಂಡು ಓಡಾಡಿಕೊಂಡಿದ್ದಾರೆ. ಸ್ವಲ್ಪ ಹೊತ್ತಾದ ಮೇಲೆ ಅಮ್ಮ ಅಂದಳು: “ನಾಳೆ ಮೇಷ್ಟ್ರ ಮನೆಗೆ ಹೋಗಿ ಈ ಕೋಳಿಯ ಕಥೆ ಹೇಳಿ ಬಾ. ಯಾರ್‍ಯಾರ ಋಣ ಇದೆ ಅಂತ ಅವರಿಗೂ ಗೊತ್ತಿರಲಿ.”