ಗ್ರಂಥಾಲಯದ ಮೇಜಿನ ಮೇಲೆ ಯಾರ ಹೆಸರು?



ಅಮೇರಿಕೆಯ ಅನೇಕ ಕಾಲೇಜು ಗ್ರಂಥಾಲಯಗಳಲ್ಲಿ ಫೆಬ್ರುವರಿ ಬಂತೆಂದರೆ ಬಾಗಿಲ ಬಳಿಯ ಮೇಜಿನ ಮೇಲೆ ಆಫ್ರಿಕಾ ಮೂಲದ ಕಪ್ಪು ಜನಾಂಗದವರನ್ನು ಕುರಿತ ಗ್ರಂಥಗಳನ್ನು ಜೋಡಿಸಿಡುವ ಪದ್ಧತಿಯುಂಟು. ಒಂದೆಡೆ ಯಂತ್ರಗಳನ್ನು ಕಂಡುಹಿಡಿದವರ ಚರಿತ್ರೆಗಳು, ಮತ್ತೊಂದೆಡೆ ಕವಿಗಳ ಸಂಕಲನಗಳು. ಯಂತ್ರಕ್ಕೂ ಕವಿತೆಗೂ ಎಲ್ಲಿಯ ನಂಟು ಎಂದು ಬೇರೆಯವರು ಕೇಳಿಯಾರು. ಕಾಯಕವನ್ನೂ ವಚನವನ್ನೂ ಬೇರ್ಪಡಿಸದೆ ಬಾಳಿದ ಶರಣರು ನಡೆದಾಡಿದ ನೆಲದಲ್ಲಿರುವ ನಾವು ಹಾಗೆ ಕೇಳಬೇಕಾದುದಿಲ್ಲ.

ಈ ಪದ್ಧತಿಗೆ ಮೂಲಪುರುಷನು ಕಾರ್ಟರ್ ವುಡ್ಸನ್. ಇವನ ತಂದೆತಾಯಿಗಳು ಗುಲಾಮಗಿರಿಯಲ್ಲಿ ಹುಟ್ಟಿದವರು. ಇವನಾದರೋ 1912ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಇತಿಹಾಸದಲ್ಲಿ ಡಾಕ್ಟರೇಟ್ ಪಡೆದನು. ತನ್ನ ಜನರ ಹೆಸರು ಪಠ್ಯಗಳಲ್ಲಿ ಎಲ್ಲಿಯೂ ಇಲ್ಲದ್ದನ್ನು ಕಂಡು 1926ರ ಫೆಬ್ರುವರಿಯಲ್ಲಿ ನೀಗ್ರೋ ಇತಿಹಾಸ ಸಪ್ತಾಹವನ್ನು ಆರಂಭಿಸಿದನು. 1976ರಲ್ಲಿ ಅದು ತಿಂಗಳ ಆಚರಣೆಯಾಯಿತು.

ಹೆಸರು ಇಲ್ಲದಂತಾದುದು ಹೇಗೆಂಬುದಕ್ಕೆ ಒಂದು ಪ್ರಸಂಗವನ್ನು ಹೇಳಬೇಕು. ಬೈಲಹೊಂಗಲದ ಎರೆಭೂಮಿಯಲ್ಲಿ ಹತ್ತಿ ಬೆಳೆದ ಭಕ್ತರಿಗೆ ಇದು ಬೇಗ ಮನದಟ್ಟಾದೀತು. ಹತ್ತಿ ಬೆಳೆಯ ಸಾಲುಗಳ ನಡುವೆ ನಾವು ಎಡೆಕುಂಟೆ ಹೊಡೆಯುವುದಿಲ್ಲವೇ? ಅಂಥದೇ ಕೆಲಸಕ್ಕೆ ಮಿಸಿಸಿಪ್ಪಿ ಪ್ರಾಂತದಲ್ಲಿ ನೆಡ್ ಎಂಬ ಗುಲಾಮನು ಹೊಸದೊಂದು ಸಾಧನವನ್ನು ರಚಿಸಿದನು. ಅವನ ಯಜಮಾನ ಆಸ್ಕರ್ ಸ್ಟುವರ್ಟನು 1857ರಲ್ಲಿ ಅದರ ಪೇಟೆಂಟನ್ನು ತನಗೆ ಕೊಡಬೇಕೆಂದು ಸರಕಾರಕ್ಕೆ ಬರೆದನು. ಗುಲಾಮನ ಮೈದುಡಿಮೆ ಹೇಗೆ ಒಡೆಯನದೋ ಬುದ್ಧಿಯ ದುಡಿಮೆಯೂ ಹಾಗೆಯೇ ಒಡೆಯನದು ಎಂಬುದು ಅವನ ವಾದ. ಪೇಟೆಂಟ್ ಬೇಡುವವನು ತಾನೇ ಇದನ್ನು ಕಂಡುಹಿಡಿದವನೆಂದು ಪ್ರಮಾಣ ಮಾಡಬೇಕೆಂಬುದು ಅಲ್ಲಿಯ ನಿಯಮ. ಸ್ಟುವರ್ಟನು ಕಂಡುಹಿಡಿದವನಲ್ಲ. ಕಂಡುಹಿಡಿದ ನೆಡ್ ಕಾನೂನಿನ ಕಣ್ಣಿನಲ್ಲಿ ನಾಗರಿಕನೇ ಅಲ್ಲವಾದುದರಿಂದ ಅವನ ಪ್ರಮಾಣವು ಪ್ರಮಾಣವೆನಿಸದು. 1858ರಲ್ಲಿ ಆ ದೇಶದ ಅಟಾರ್ನಿ ಜನರಲ್, ಗುಲಾಮನ ಆವಿಷ್ಕಾರಕ್ಕೆ ಪೇಟೆಂಟ್ ಸಲ್ಲದೆಂದು ತೀರ್ಮಾನವಿತ್ತನು. ಯಜಮಾನನು ಪೇಟೆಂಟ್ ಇಲ್ಲದೆಯೇ ಸಾಧನವನ್ನು ಮಾರಿದನು. ನೆಡ್ ಎಂಬ ಎರಡಕ್ಷರ ಮಾತ್ರ ಕಡತದಲ್ಲಿ ಉಳಿಯಿತು. ಅದೂ ಸ್ಟುವರ್ಟನು ಆಸೆಬುರುಕನಾಗಿ ಅರ್ಜಿ ಬರೆದುದರಿಂದ ಉಳಿದದ್ದು!

1865ರಲ್ಲಿ ಗುಲಾಮಗಿರಿ ರದ್ದಾದ ತರುವಾಯ ಹೆಸರುಗಳು ಒಂದೊಂದಾಗಿ ಕಾಣತೊಡಗಿದವು. ರೈಲ್ವೆಯಲ್ಲಿ ಕಲ್ಲಿದ್ದಲು ತುಂಬುತ್ತಿದ್ದ ಎಲೈಜಾ ಮೆಕಾಯ್ 1872ರಲ್ಲಿ ಉಗಿಯಂತ್ರಕ್ಕೆ ತಾನಾಗಿಯೇ ಎಣ್ಣೆಯೂಡುವ ಸಾಧನಕ್ಕೆ ಪೇಟೆಂಟ್ ಪಡೆದನು. ಜಾರ್ಜ್ ವಾಷಿಂಗ್ಟನ್ ಕಾರ್ವರನು 1896ರಿಂದ ಟಸ್ಕೀಗಿ ವಿದ್ಯಾಲಯದಲ್ಲಿದ್ದುಕೊಂಡು, ಹತ್ತಿಯನ್ನೇ ಮೇಲಿಂದ ಮೇಲೆ ಬೆಳೆದು ಸೋತ ಹೊಲಕ್ಕೆ ಶೇಂಗಾ ಮುಂತಾದ ಬೆಳೆಗಳಿಂದ ಮರಳಿ ಕಸುವು ಬರುವುದೆಂದು ಬಡ ರೈತರಿಗೆ ತೋರಿಸಿಕೊಟ್ಟನು. ಶೇಂಗಾ ಬೆಣ್ಣೆಯನ್ನು ಕಂಡುಹಿಡಿದವನೂ ಇವನೇ ಎಂದು ಹಲವು ಪುಸ್ತಕಗಳಲ್ಲಿದೆ, ಅದು ನಿಜವಲ್ಲ. ದೊಡ್ಡವರ ತಲೆಗೆ ಇಲ್ಲದ ಕಿರೀಟ ತೊಡಿಸುವ ಚಾಳಿ ನಮ್ಮಲ್ಲಿ ಮಾತ್ರವೇ ಇಲ್ಲವೆಂಬುದಕ್ಕಾಗಿ ಇದನ್ನು ಹೇಳಿದೆವು.

ಇವರೆಲ್ಲರಿಗಿಂತ ನಮ್ಮ ಮನಸ್ಸನ್ನು ಹಿಡಿದವನು ಲೂಯಿಸ್ ಲ್ಯಾಟಿಮರ್. ಗುಲಾಮಗಿರಿಯಿಂದ ಪಲಾಯನ ಮಾಡಿ ಬಂದ ದಂಪತಿಗಳ ಮಗನಾಗಿ 1848ರಲ್ಲಿ ಹುಟ್ಟಿದನು. ತಾನೇ ನಕ್ಷೆ ಬರೆಯುವುದನ್ನು ಕಲಿತು, ಬೆಲ್ ಎಂಬವನ ಟೆಲಿಫೋನ್ ಪೇಟೆಂಟಿಗೆ ಚಿತ್ರಗಳನ್ನು ಬರೆದುಕೊಟ್ಟನು. ವಿದ್ಯುದ್ದೀಪದ ಇಂಗಾಲದ ಎಳೆಯನ್ನು ತಯಾರಿಸುವ ಸುಧಾರಿಸಿದ ವಿಧಾನಕ್ಕೆ 1882ರಲ್ಲಿ ಪೇಟೆಂಟ್ ಪಡೆದನು. ಇದೇ ಮನುಷ್ಯನು ಕವಿತೆಗಳನ್ನೂ ಬರೆದನು. ಹಗಲು ದೀಪದ ಕೆಲಸ, ಬಿಡುವಿನಲ್ಲಿ ಪದ್ಯ. ಇಂಥವನನ್ನು ಕಲ್ಯಾಣದಲ್ಲಿ ಯಾರೂ ವಿಚಿತ್ರವೆಂದು ನೋಡುತ್ತಿರಲಿಲ್ಲ.

ಅಲ್ಲಿ ಹಗ್ಗ ಹೊಸೆಯುವ ಚಂದಯ್ಯ, ಬಟ್ಟೆ ಮಡಿ ಮಾಡುವ ಮಾಚಯ್ಯ, ಬಿದಿರು ಹೆಣೆಯುವ ಕೇತಯ್ಯ, ಬಡಿಗತನದ ಬಸವಯ್ಯ, ಇವರೆಲ್ಲ ಕೈಕೆಲಸವನ್ನು ಬಿಡದೆಯೇ ವಚನಕಾರರಾದರು. ದೋಣಿ ನಡೆಸುವ ಚೌಡಯ್ಯನು ದೇವರ ಹೆಸರಿಗೆ ಬದಲು ಅಂಬಿಗರ ಚೌಡಯ್ಯನೆಂಬ ತನ್ನ ಹೆಸರನ್ನೇ, ವೃತ್ತಿಯ ಸಮೇತವಾಗಿ, ಅಂಕಿತವನ್ನಾಗಿ ಇಟ್ಟುಕೊಂಡನು. ನೆಡ್‌ನಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಸಿಗದ ಪ್ರಮಾಣದ ಹಕ್ಕು ಇವರಿಗೆ ಹನ್ನೆರಡನೆಯ ಶತಮಾನದಲ್ಲಿ ಸಿಕ್ಕಿತ್ತು.

ಅದರ ಬೆಲೆಯನ್ನೂ ತೆತ್ತರು. ಕಲ್ಯಾಣದ ಕ್ರಾಂತಿಯ ತರುವಾಯ ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೆ ನಡೆದ ಶರಣರು ನಮ್ಮ ಈ ಸೀಮೆಯ ಮೂಲಕವೇ ಹಾದುಹೋದರೆಂಬುದು ಪರಂಪರೆಯ ನಂಬಿಕೆ. ಕಿತ್ತೂರಿನ ಸಮೀಪದ ಕಾದರವಳ್ಳಿಯಲ್ಲಿ ಕಾಳಗವಾಯಿತೆಂದು ಹೇಳುತ್ತಾರೆ. ಮಲಪ್ರಭೆಯ ದಂಡೆಯ ಮುಗುಟಖಾನ ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯ ಐಕ್ಯಸ್ಥಳವಿದೆ. ಅಲ್ಲಿಂದ ಮುಂದೆ ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿ ಚರ್ಮ ಹದ ಮಾಡುವ ಕಾಯಕದ ಡೋಹರ ಕಕ್ಕಯ್ಯನ ಸಮಾಧಿಯಿದೆ. ಓಲೆಗರಿಗಳನ್ನು ಕಾಯಲು ಖಡ್ಗ ಹಿಡಿದವನೆಂದು ಜನ ಅವನನ್ನು ನೆನೆಯುತ್ತಾರೆ. ಅವನ ವಚನಗಳಲ್ಲಿ ನಮಗೆ ದೊರೆತಿರುವುವು ಬೆರಳೆಣಿಕೆಯಷ್ಟು ಮಾತ್ರ. ಇತರರ ಮಾತು ಉಳಿಯಲೆಂದು ಹೋರಾಡಿದವನ ಮಾತೇ ಅತ್ಯಲ್ಪವಾಗಿ ಉಳಿಯಿತು.

ಉಳಿದ ಓಲೆಗಳನ್ನು ಮನೆಮನೆಯ ಜಗುಲಿಯಿಂದ ಹೊರತಂದವರು ಫ.ಗು. ಹಳಕಟ್ಟಿಯವರು. ಅವರ ವಚನಶಾಸ್ತ್ರಸಾರದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. 1926ರಲ್ಲಿ, ಅಂದರೆ ವುಡ್ಸನ್ ತನ್ನ ಸಪ್ತಾಹವನ್ನು ಆರಂಭಿಸಿದ ವರ್ಷವೇ, ವಿಜಾಪುರದಲ್ಲಿ ಶಿವಾನುಭವ ಪತ್ರಿಕೆ ಹೊರಟಿತು. ಒಬ್ಬರ ಸುದ್ದಿ ಒಬ್ಬರಿಗೆ ತಿಳಿದಿರಲಾರದು.

ಇಷ್ಟು ಹೇಳಿದ ಮೇಲೆ ನಾವು ಎದೆಯುಬ್ಬಿಸಿ ಸುಮ್ಮನಾಗಬಹುದಾಗಿತ್ತು. ಆದರೆ ಕಪ್ಪು ಜನಾಂಗವೆಂಬುದು ಕಡಲಾಚೆಯ ಮಾತಲ್ಲ. ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರನ್ನಾಗಿ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರ ಮಕ್ಕಳು ಮೊಮ್ಮಕ್ಕಳೇ ಹಳಿಯಾಳ, ಯಲ್ಲಾಪುರ, ಖಾನಾಪುರ, ಕಲಘಟಗಿ ಸೀಮೆಯ ಸಿದ್ದಿಗಳು. ಸಂಗೊಳ್ಳಿ ರಾಯಣ್ಣನ ದಂಡಿನಲ್ಲಿ ಗಜವೀರನೆಂಬ ಸಿದ್ದಿ ವೀರನಿದ್ದನೆಂದು ಜನಸ್ಮೃತಿ ಹೇಳುತ್ತದೆ. 1824ರ ಕಿತ್ತೂರ ಕಾಳಗವನ್ನೂ, 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿಯೇ ಕಾಲವಾದ ಚೆನ್ನಮ್ಮ ತಾಯಿಯನ್ನೂ, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣನನ್ನೂ ಮಕ್ಕಳು ಬಾಯಿಪಾಠ ಹೇಳುತ್ತಾರೆ. ಗಜವೀರನೆಂದರೆ ಮುಖ ಮುಖ ನೋಡುತ್ತಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದುದು 2003ರಲ್ಲಿ. ನಮ್ಮ ಬೆಳಗಾವಿ ಹಾಗೂ ಧಾರವಾಡ ಜಿಲ್ಲೆಗಳ ಸಿದ್ದಿಗಳು 2020ರವರೆಗೆ ಕಾಯಬೇಕಾಯಿತು.

ಈ ಭಾಗದ ಒಂದು ಕಾಲೇಜಿಗೆ ಉಪನ್ಯಾಸಕ್ಕೆ ಹೋದಾಗ ಗ್ರಂಥಾಲಯವನ್ನು ನೋಡಿದೆವು. ಸರಕಾರವು 1993ರಲ್ಲಿ ಹೊರತಂದ ಸಮಗ್ರ ವಚನ ಸಂಪುಟಗಳು ಹದಿನೈದೂ ಇದ್ದವು, ಗಾಜಿನ ಕಪಾಟಿನಲ್ಲಿ, ಬೀಗದೊಳಗೆ. ಬಸವಣ್ಣನವರ ಸಂಪುಟ ಓದಿ ಸವೆದಿತ್ತು. ಕಕ್ಕಯ್ಯನಂಥವರ ವಚನಗಳಿರುವ ಸಂಕೀರ್ಣ ಸಂಪುಟಗಳನ್ನು ಒಯ್ದವರ ಸಹಿ ಒಂದೂ ಇರಲಿಲ್ಲ. ಡೋಹರನೆಂದು ಹೆಸರಿನೊಡನೆ ಕುಲವನ್ನು ತಪ್ಪದೆ ಹೇಳುವ ನಾವು ಅವನ ಮಾತನ್ನು ಓದುವುದಿಲ್ಲ!

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಾಲೇಜುಗಳಲ್ಲಿ ನಮ್ಮ ಮಠದ ಹಳೆಯ ವಿದ್ಯಾರ್ಥಿಗಳು ಅಧ್ಯಾಪಕರಾಗಿದ್ದಾರೆ, ಗ್ರಂಥಪಾಲಕರಾಗಿದ್ದಾರೆ. ಅವರಲ್ಲಿ ನಮ್ಮದೊಂದು ಬೇಡಿಕೆ. ಅಕ್ಟೋಬರದಲ್ಲಿ ಕಿತ್ತೂರು ಉತ್ಸವ ನಡೆಯುವ ದಿನಗಳಲ್ಲಿ ಬಾಗಿಲ ಬಳಿ ಒಂದು ಮೇಜು ಹಾಕಿರಿ. ಆ ಸಂಕೀರ್ಣ ಸಂಪುಟಗಳನ್ನು ಬೀಗ ತೆಗೆದು ಅದರ ಮೇಲಿಡಿರಿ. ಮಗ್ಲಲ್ಲಿ ಲ್ಯಾಟಿಮರ್, ಕಾರ್ವರರ ಚರಿತ್ರೆ ಇರಲಿ, ಸಿದ್ದಿಗಳ ದಮಾಮಿ ವಾದ್ಯದ ಚಿತ್ರವಿರಲಿ. ರಾಮದುರ್ಗದವರಾದರೆ ಮಗ್ಗದ ಒಂದು ಲಾಳಿಯನ್ನೂ ಇಟ್ಟಾರು. ಗಜವೀರನ ಹೆಸರನ್ನು ಒಂದು ದಪ್ಪ ಕಾಗದದ ಮೇಲೆ, ದೂರದಿಂದ ಕಾಣುವಷ್ಟು ದೊಡ್ಡದಾಗಿ ಬರೆಯಿಸಿರಿ. ಖಾನಾಪುರದ ಸಿದ್ದಿ ಹಿರಿಯರೊಬ್ಬರನ್ನು ಕರೆದು ಅವರ ಕೈಯಿಂದಲೇ ಅದನ್ನು ಇಡಿಸಿರಿ. ಕರೆಯಲು ಹೋಗುವಾಗ ನಮಗೂ ಹೇಳಿರಿ, ನಾವೂ ಬರುತ್ತೇವೆ.